ಕೀಲೆಣ್ಣೆಯ ಮೇಲೆ ತೇಲುವ ಚಕ್ರ

(ಸಿಂಡೆಲ್‌ಫಿಂಗೆನ್‌ನಲ್ಲಿ ಸೇರಿದ್ದ ನಮ್ಮ ಕೂಟದ ಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕಮ್ಮಾರರ ಬೀದಿಗೆ ಸೂಜಿ ಮಾರಲು ಹೋದವನ ಗಾದೆ ನಿಮಗೆಲ್ಲ ತಿಳಿದಿದೆ. ಇಂದು ನಮ್ಮ ಸ್ಥಿತಿ ಅದಕ್ಕಿಂತ ಬೇರೆಯಲ್ಲ. ಸಿಂಡೆಲ್‌ಫಿಂಗೆನ್ 1915ರಿಂದ ಡೈಮ್ಲರ್ ಕಾರ್ಖಾನೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳೆದ ಊರು. ಈ ಸಭೆಯಲ್ಲಿ ಆ ಕಾರ್ಖಾನೆಯಲ್ಲಿ ದುಡಿಯುವವರಿದ್ದಾರೆ. ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ ಡೀಸೆಲ್ ಪಂಪುಗಳ ನಡುವೆ ಕೆಲಸ ಕಲಿತು ಇತ್ತ ಬಂದ ಹಿರಿಯರಿದ್ದಾರೆ. ಇವರೆಲ್ಲರ ಎದುರು ವೈದ್ಯನೊಬ್ಬ ನಿಂತು ಇಂಜಿನ್ನಿನ ವಿಷಯ ಮಾತಾಡುವುದು ಉದ್ಧಟತನವೇ ಸರಿ. ಸಂಚಾಲಕರು ನಮ್ಮಿಂದ ಬಯಸಿದ್ದು ಹೃದಯಾಘಾತದ ಕುರಿತ ಉಪನ್ಯಾಸವನ್ನು. ಹೋಳಿಗೆ ಊಟ ಕಾದಿರುವಾಗ ಆ ಮಾತು ಬೇಡವೆಂದು ನಾವೇ ಬೇಡಿಕೊಂಡೆವು.

ಆದರೂ ನಾವು ಕೈಯಲ್ಲಿ ಹಿಡಿದು ತಂದಿರುವುದು ಒಂದು ಶವವನ್ನೇ. ಮೇಜಿನ ಮೇಲೆ, ಹಳೆಯ ಪತ್ರಿಕೆ ಹಾಸಿ ಇಟ್ಟಿರುವ ಈ ಬಸವನಹುಳುವಿನ ಆಕಾರದ ಲೋಹದ ವಸ್ತು ನಮ್ಮ ಹಳೆಯ ಡೀಸೆಲ್ ಕಾರಿನ ಟರ್ಬೋಚಾರ್ಜರ್. ಇದನ್ನು ಕೊಂದವರು ನಾವು. ಇದಕ್ಕೂ ಮೊದಲು ಇನ್ನೊಂದನ್ನು ಕೊಂದಿದ್ದೆವು. ಕಾಲು ಶತಮಾನದಿಂದ ಪರರ ರೋಗಗಳ ಮೂಲ ಹುಡುಕುವುದನ್ನೇ ಅನ್ನದ ದಾರಿಯಾಗಿಸಿಕೊಂಡ ನಾವು, ನಮ್ಮ ಮನೆಯ ಮುಂದೆ ನಿಂತಿದ್ದ ರೋಗಿಯ ವಿಷಯದಲ್ಲಿ ಮೂಲವನ್ನು ಹುಡುಕದೆ ಹೋದೆವು. ಆ ತಪ್ಪನ್ನು ನಿಮ್ಮೆದುರು ಬಿಡಿಸಿಡುವುದಷ್ಟೇ ಇಂದಿನ ಉದ್ದೇಶ.

ಮೊದಲು, ಇದು ಬದುಕಿದ್ದಾಗ ಏನು ಮಾಡುತ್ತಿತ್ತು ಎಂಬುದನ್ನು ನೋಡೋಣ.

ಇಂಜಿನ್ನಿಗೆ ಆಹಾರ ಇಂಧನವೆಂದು ನಾವು ಭಾವಿಸುತ್ತೇವೆ. ಅದು ಅರ್ಧ ಸತ್ಯ. ಒಂದು ಕಿಲೋ ಡೀಸೆಲ್ ಸಂಪೂರ್ಣವಾಗಿ ಉರಿಯಬೇಕಾದರೆ ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಹೆಚ್ಚು ಇಂಧನ ಸುರಿಯುವುದು ಸುಲಭ. ಅದಕ್ಕೆ ತಕ್ಕಷ್ಟು ಗಾಳಿಯನ್ನು ಒದಗಿಸುವುದೇ ಕಷ್ಟ. ಗಾಳಿ ಸಾಲದಿದ್ದರೆ ಶಕ್ತಿ ಬರುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ನಮ್ಮ ಅಜ್ಜಿಯರಿಗೆ ಇದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಾಗಿರಲಿಲ್ಲ. ಕಮ್ಮಾರನ ಕುಲುಮೆಯಲ್ಲಿ ಅದೇ ಕೆಲಸವನ್ನು ತಿದಿ ಮಾಡುತ್ತದೆ.

ತಿದಿಯನ್ನು ಒತ್ತಲು ಒಬ್ಬ ಆಳು ಬೇಕಷ್ಟೆ. ಇಂಜಿನ್ನಿನಲ್ಲಿ ಆ ಆಳು ಯಾರು? ಇಂಜಿನ್ನಿನ ಶಕ್ತಿಯಲ್ಲೇ ಒಂದು ಪಾಲನ್ನು ಕಿತ್ತು, ಬೆಲ್ಟು ಅಥವಾ ಹಲ್ಲುಚಕ್ರದ ಮೂಲಕ ಗಾಳಿಯ ಪಂಪನ್ನು ತಿರುಗಿಸುವುದು ಒಂದು ಮಾರ್ಗ. ಮರ್ಸಿಡಿಸ್ ಕಾರುಗಳು 1921ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಅಂತಹ ಯಂತ್ರದೊಂದಿಗೆ ಕಾಣಿಸಿಕೊಂಡವು. ಇಲ್ಲಿನವರು ಅದನ್ನು ಕೊಂಪ್ರೆಸ್ಸೋರ್ ಎನ್ನುತ್ತಾರೆ. ಆದರೆ ಇದು ಬಲಗೈಯಿಂದ ಗಳಿಸಿ ಎಡಗೈಯಿಂದ ಕೊಡುವ ವ್ಯವಹಾರ. ಸ್ವಿಟ್ಜರ್ಲೆಂಡಿನ ವಿಂಟರ್‌ಥುರ್ ಪಟ್ಟಣದ ಆಲ್ಫ್ರೆಡ್ ಬ್ಯೂಖಿ ಎಂಬ ತರುಣ ಇಂಜಿನಿಯರು ಬೇರೊಂದು ಬಗೆಯಲ್ಲಿ ಯೋಚಿಸಿದರು. ಇಂಧನದಿಂದ ಹುಟ್ಟಿದ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಹೊಗೆಯ ಕೊಳವೆಯಲ್ಲಿ ವ್ಯರ್ಥವಾಗಿ ಹೊರಗೆ ಹೋಗುತ್ತದೆ. ಆ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸಲಿ. ಅದೇ ಅಕ್ಷದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊಸ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಲಿ. ಒಲೆಯ ಹೊಗೆಯೇ ತಿದಿಯನ್ನು ಒತ್ತುವ ಆಳಾಗಲಿ! 1905ರಲ್ಲಿ ಅವರು ಇದಕ್ಕೆ ಹಕ್ಕುಪತ್ರ ಪಡೆದರು. ಕಲ್ಪನೆ ಕಾರ್ಯವಾಗಲು ಇಪ್ಪತ್ತು ವರ್ಷ ಹಿಡಿಯಿತು. 1925ರ ಸುಮಾರಿಗೆ ‘ಪ್ರಾಯ್ಸೆನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಜರ್ಮನ್ ಹಡಗುಗಳಲ್ಲಿ 1750 ಅಶ್ವಶಕ್ತಿಯ ಡೀಸೆಲ್ ಇಂಜಿನ್ನುಗಳು ಇದರ ನೆರವಿನಿಂದ 2500 ಅಶ್ವಶಕ್ತಿ ನೀಡಿದವು.

ಗಾಳಿ ತೆಳುವಾದಲ್ಲಿ ಇದರ ಮಹಿಮೆ ಇನ್ನೂ ಸ್ಪಷ್ಟ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವರು ವಿಮಾನದ ಇಂಜಿನ್ನೊಂದನ್ನು ಸುಮಾರು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತೊಯ್ದರು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೋ ಜೋಡಿಸಿದೊಡನೆ 356ಕ್ಕೆ ಏರಿತು. ಅಷ್ಟು ದೂರ ಹೋಗುವುದೇಕೆ? ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಕರಾವಳಿಯಿಂದ ಶಿರಾಡಿ ಘಾಟಿ ಹತ್ತಿ ಬರುವ ಲಾರಿ, ಹೆಚ್ಚು ದುಡಿಯಬೇಕಾದ ಹೊತ್ತಿನಲ್ಲೇ ಕಡಿಮೆ ಉಸಿರಾಡುತ್ತದೆ. 1954ರಿಂದ ಟಾಟಾದವರು ಡೈಮ್ಲರ್ ಬೆನ್ಜ್ ಸಹಯೋಗದಲ್ಲಿ ತಯಾರಿಸಿದ, ಮೂಗಿನ ಮೇಲೆ ಮೂರು ಮೂಲೆಯ ನಕ್ಷತ್ರವಿದ್ದ ಲಾರಿಗಳನ್ನು ಇಲ್ಲಿರುವ ಹಿರಿಯರು ನೋಡಿದ್ದೀರಿ. ಘಾಟಿಯ ತಿರುವಿನಲ್ಲಿ ಅವು ದಮ್ಮು ಹತ್ತಿದ ರೋಗಿಯಂತೆ ಏದುಸಿರು ಬಿಡುತ್ತಿದ್ದುದು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಇನ್ನು ಈ ಊರಿನ ವಿಷಯ. 1978ರಲ್ಲಿ ಸಿಂಡೆಲ್‌ಫಿಂಗೆನ್‌ನ ಇದೇ ಕಾರ್ಖಾನೆಯಿಂದ ಮರ್ಸಿಡಿಸ್ 300 ಎಸ್‌ಡಿ ಹೊರಬಂತು. ಟರ್ಬೋ ಡೀಸೆಲ್ ಇಂಜಿನ್ನಿನೊಂದಿಗೆ ಸಾಲುಸಾಲಾಗಿ ತಯಾರಾದ ಜಗತ್ತಿನ ಮೊದಲ ಪ್ರಯಾಣಿಕ ಕಾರು ಅದು. ಇಂಧನ ಮಿತವ್ಯಯದ ಹೊಸ ಕಾನೂನು ಬಂದಿದ್ದ ಉತ್ತರ ಅಮೆರಿಕಕ್ಕೆಂದು ತಯಾರಾದದ್ದು. ಮೂರು ಲೀಟರಿನ ಐದು ಸಿಲಿಂಡರಿನ ಇಂಜಿನ್ ಟರ್ಬೋ ಇಲ್ಲದೆ 80 ಅಶ್ವಶಕ್ತಿ ಕೊಡುತ್ತಿತ್ತು. ಟರ್ಬೋ ಬಂದ ಮೇಲೆ ಸುಮಾರು 115. ಆದರೆ ನಮ್ಮ ಗಮನ ಸೆಳೆದದ್ದು ಶಕ್ತಿಯ ಅಂಕಿಯಲ್ಲ. ಹೆಚ್ಚಿದ ಶಾಖವನ್ನು ತಡೆಯಲು ಪಿಸ್ಟನ್ನುಗಳ ತಳಕ್ಕೆ ಎಣ್ಣೆ ಚಿಮ್ಮಿಸುವ ಕೊಳವೆಗಳನ್ನು ಆ ಇಂಜಿನ್ನಿಗೆ ಹೊಸದಾಗಿ ಅಳವಡಿಸಬೇಕಾಯಿತು. ಉಸಿರನ್ನು ಹೆಚ್ಚಿಸಿದವರು ರಕ್ತಸಂಚಾರವನ್ನೂ ಹೆಚ್ಚಿಸಬೇಕು ಎಂಬುದನ್ನು ಆ ಇಂಜಿನಿಯರುಗಳು ಅರಿತಿದ್ದರು.

ಎಣ್ಣೆಯ ಮಾತಿಗೆ ಬಂದೆವು. ನಿಜವಾದ ವಿಷಯ ಇಲ್ಲಿಂದ ಆರಂಭ.

ಆರೋಗ್ಯವಂತನ ಹೃದಯ ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಕಾರಿನ ಟರ್ಬೋ ಭರದಲ್ಲಿರುವಾಗ ಅಷ್ಟು ಸುತ್ತುಗಳನ್ನು ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಮುಗಿಸುತ್ತದೆ. ಒಂದೂವರೆ ಲಕ್ಷ, ಎರಡು ಲಕ್ಷವೂ ಅಪರೂಪವಲ್ಲ. ಒಂದು ತುದಿಯ ಚಕ್ರಕ್ಕೆ ಬಡಿಯುವ ಹೊಗೆಯ ಶಾಖ ಡೀಸೆಲ್ ಇಂಜಿನ್ನಿನಲ್ಲಿ 800 ಡಿಗ್ರಿ ಸೆಲ್ಸಿಯಸ್‌ವರೆಗೆ, ಪೆಟ್ರೋಲ್ ಇಂಜಿನ್ನಿನಲ್ಲಿ 1000 ಡಿಗ್ರಿಯವರೆಗೆ ಏರಬಲ್ಲದು. ಇನ್ನೊಂದು ತುದಿಯಲ್ಲಿ ಹೊರಗಿನ ತಣ್ಣನೆಯ ಗಾಳಿ. ನಡುವೆ ನಮ್ಮ ಕಿರುಬೆರಳಿಗಿಂತ ತೆಳುವಾದ ಉಕ್ಕಿನ ದಂಡ. ಈ ದಂಡವನ್ನು ಯಾವುದು ಹಿಡಿದು ನಿಲ್ಲಿಸುತ್ತದೆ? ಹೆಚ್ಚಿನ ಕಾರುಗಳಲ್ಲಿ ಗುಂಡು ಬೇರಿಂಗುಗಳೂ ಇಲ್ಲ. ದಂಡದ ಸುತ್ತ ಬುಷ್ ಎಂಬ ಬಳೆ. ಬಳೆಯ ಒಳಗೂ ಎಣ್ಣೆ, ಹೊರಗೂ ಎಣ್ಣೆ. ದಂಡ ಎಣ್ಣೆಯ ಮೇಲೆ ತೇಲುತ್ತದೆ, ಬಳೆಯೂ ಎಣ್ಣೆಯ ಮೇಲೆ ತೇಲುತ್ತ ತಾನೂ ನಿಧಾನವಾಗಿ ತಿರುಗುತ್ತದೆ. ಲೋಹಕ್ಕೆ ಲೋಹ ತಾಗಬಾರದು. ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರವೇ ಇಡೀ ಯಂತ್ರದ ಆಧಾರ.

ಇಷ್ಟು ತೆಳುವಾದ ದ್ರವ ಇಷ್ಟು ಭಾರವನ್ನು ಹೇಗೆ ಹೊರುತ್ತದೆ? ಇದರ ಗುಟ್ಟು 1883ರಲ್ಲಿ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಅಕಸ್ಮಾತ್ತಾಗಿ ಬಯಲಾಯಿತು. ಬೋಶಾಂಪ್ ಟವರ್ ಎಂಬವರು ರೈಲಿನ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಮೇಲುಗಡೆ ಒಂದು ತೂತು ಕೊರೆದರೆ, ಅಚ್ಚು ತಿರುಗುವಾಗ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕತೊಡಗಿತು. ಮರದ ಬೆಣೆ ಜಡಿದರು. ಬೆಣೆಯೂ ಹೊರಕ್ಕೆ ತಳ್ಳಲ್ಪಟ್ಟಿತು. ತಿರುಗುವ ದಂಡ ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು ಅಲ್ಲಿ ಅಪಾರ ಒತ್ತಡವನ್ನು ಹುಟ್ಟಿಸುತ್ತದೆ ಎಂಬುದು ಹೀಗೆ ತಿಳಿಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ರೂಪ ಕೊಟ್ಟರು. ಮಳೆ ಬಿದ್ದ ಆಟೋಬಾನ್ ಮೇಲೆ ವೇಗವಾಗಿ ಹೋಗುವ ಕಾರು ನೀರಿನ ಮೇಲೆ ತೇಲಿ ಹಿಡಿತ ತಪ್ಪುವುದೂ ಇದೇ ನಿಯಮದಿಂದ. ಅಲ್ಲಿ ಅದು ಮೃತ್ಯು, ಇಲ್ಲಿ ಅದೇ ಜೀವ.

ಇಂಗ್ಲಿಷಿನಲ್ಲಿ ಲೂಬ್ರಿಕಂಟ್ ಎನ್ನುವುದನ್ನು ಕನ್ನಡ ‘ಕೀಲೆಣ್ಣೆ’ ಎಂದು ಕರೆಯುತ್ತದೆ. ವೈದ್ಯರಾದ ನಮಗೆ ಈ ಪದದ ಮೇಲೆ ವಿಶೇಷ ಪ್ರೀತಿ. ಗಾಡಿಗೂ ಕೀಲು, ಮೊಣಕಾಲಿಗೂ ಕೀಲು. ಮೊಣಕಾಲಿನ ಕೀಲಿನಲ್ಲಿಯೂ ತೆಳುವಾದ ದ್ರವವೊಂದಿದೆ, ಅದು ಕೆಟ್ಟಾಗಲೇ ಹಿರಿಯರು ನಮ್ಮ ಬಳಿಗೆ ಬರುವುದು. ಎತ್ತಿನ ಗಾಡಿಯ ಅಚ್ಚಿಗೆ ನಮ್ಮೂರುಗಳಲ್ಲಿ ಹರಳೆಣ್ಣೆ ಸವರುತ್ತಿದ್ದರು. ಇದನ್ನು ಹಳ್ಳಿಗರ ಉಪಾಯವೆಂದು ಕಡೆಗಣಿಸಬೇಡಿ. ಮೊದಲ ಮಹಾಯುದ್ಧದ ಹಲವು ವಿಮಾನಗಳ ಇಂಜಿನ್ನುಗಳು ಓಡಿದ್ದು ಹರಳೆಣ್ಣೆಯ ಮೇಲೆಯೇ, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುತ್ತಿರಲಿಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರಿನೊಳಗೂ ಹರಳು ಅಡಗಿದೆ. ಆ ಇಂಜಿನ್ನುಗಳು ಉಗುಳಿದ ಹರಳೆಣ್ಣೆಯ ಹನಿಗಳನ್ನು ನುಂಗಿದ ಪೈಲಟ್ಟುಗಳಿಗೆ ಆಕಾಶದಲ್ಲಿ ಏನಾಗುತ್ತಿತ್ತು ಎಂಬುದನ್ನು ಊಟದ ಹೊತ್ತಿನಲ್ಲಿ ವಿವರಿಸುವುದಿಲ್ಲ.

ಟರ್ಬೋದಲ್ಲಿ ಎಣ್ಣೆ ಸಾಗುವ ದಾರಿಯನ್ನು ಈಗ ನೋಡಿ. ಮೇಲ್ಗಡೆ ಈ ಸಣ್ಣ ರಂಧ್ರವಿದೆಯಲ್ಲ, ಇದಕ್ಕೆ ಇಂಜಿನ್ನಿನ ಮುಖ್ಯ ಎಣ್ಣೆಯ ನಾಳದಿಂದ ಒಂದು ತೆಳು ಪೈಪು ಬರುತ್ತದೆ, ಅದು ಅಪಧಮನಿ. ಎಣ್ಣೆ ಇಲ್ಲಿ ಒತ್ತಡದಿಂದ ಬರುತ್ತದೆ. ಕೆಳಗಡೆ ಈ ದೊಡ್ಡ ರಂಧ್ರ ಅಭಿಧಮನಿ. ಬೇರಿಂಗನ್ನು ದಾಟಿದ ಎಣ್ಣೆ ಒತ್ತಡವನ್ನೆಲ್ಲ ಕಳೆದುಕೊಂಡು, ಶಾಖವನ್ನು ಹೊತ್ತು, ನೊರೆನೊರೆಯಾಗಿ, ಕೇವಲ ತನ್ನ ಭಾರದಿಂದ ಇಂಜಿನ್ನಿನ ತಳದ ಎಣ್ಣೆತೊಟ್ಟಿಗೆ ಇಳಿಯಬೇಕು. ಆದ್ದರಿಂದಲೇ ಹೋಗುವ ದಾರಿ ಬರುವ ದಾರಿಗಿಂತ ಅಷ್ಟು ಅಗಲ. ಅದು ಸ್ವಲ್ಪ ಕಟ್ಟಿದರೂ, ಅಥವಾ ಇಂಜಿನ್ ಸವೆದು ತೊಟ್ಟಿಯೊಳಗಿನ ಗಾಳಿಯ ಒತ್ತಡ ಏರಿದರೂ, ಎಣ್ಣೆ ಇಳಿಯಲಾರದೆ ಹಿಂದೆ ನಿಲ್ಲುತ್ತದೆ. ಇಲ್ಲಿರುವುದು ರಬ್ಬರಿನ ಬಿರಡೆಯಲ್ಲ, ಪಿಸ್ಟನ್ನಿನದರಂತಹ ಸಣ್ಣ ಉಂಗುರಗಳು. ನಿಂತ ಎಣ್ಣೆಯನ್ನು ಅವು ತಡೆಯಲಾರವು. ಎಣ್ಣೆ ಒಂದು ಕಡೆ ಗಾಳಿಯ ದಾರಿಗೂ ಇನ್ನೊಂದು ಕಡೆ ಹೊಗೆಯ ದಾರಿಗೂ ಜಿನುಗುತ್ತದೆ. ಹಿಂದಿನಿಂದ ನೀಲಿ ಹೊಗೆ ಕಾಣುತ್ತದೆ. ನೋಡಿದವರೆಲ್ಲ ‘ಟರ್ಬೋ ಹೋಯಿತು’ ಎನ್ನುತ್ತಾರೆ.

ವೈದ್ಯರಿಗೆ ಇದು ಹಳೆಯ ಪರಿಚಯ. ಹೃದಯದ ಎಡಭಾಗ ಸೋತಾಗ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ರೋಗಿ ಉಸಿರಿಗಾಗಿ ಒದ್ದಾಡುತ್ತಾನೆ. ಅವನ ಶ್ವಾಸಕೋಶ ನಿರಪರಾಧಿ. ಅದನ್ನು ಬದಲಿಸಿ ಹೃದಯವನ್ನು ಹಾಗೆಯೇ ಬಿಟ್ಟರೆ ಹೊಸ ಶ್ವಾಸಕೋಶವೂ ತುಂಬುತ್ತದೆ. ಇಂತಹ ತಪ್ಪನ್ನು ಪರೀಕ್ಷೆಯಲ್ಲಿ ಮಾಡಿದ ವಿದ್ಯಾರ್ಥಿಯನ್ನು ನಾವು ನಿರ್ದಾಕ್ಷಿಣ್ಯವಾಗಿ ಅನುತ್ತೀರ್ಣಗೊಳಿಸುತ್ತೇವೆ. ಕಾರಿನ ವಿಷಯದಲ್ಲಿ ನಾವು ಮಾಡಿದ್ದು ಅದನ್ನೇ.

ರಾತ್ರಿಯ ತುರ್ತು ಕರೆಯ ಕಾಲ ಅದು. ಚಳಿಗಾಲದ ಎರಡು ಗಂಟೆಗೆ ದೂರವಾಣಿ ಮೊಳಗುತ್ತಿತ್ತು. ಹೆಪ್ಪುಗಟ್ಟುವ ಚಳಿಯಲ್ಲಿ ಎಣ್ಣೆ ಜೇನಿನಂತೆ ದಪ್ಪವಾಗಿರುವಾಗ ಇಂಜಿನ್ ಚಾಲೂ ಮಾಡಿ, ಅರೆ ನಿಮಿಷದೊಳಗೆ ಕಾಲನ್ನು ಕೊನೆಯವರೆಗೆ ಒತ್ತುತ್ತಿದ್ದೆವು. ಬೇರಿಂಗಿಗೆ ಎಣ್ಣೆ ಸಾಕಷ್ಟು ಹರಿಯುವ ಮುನ್ನವೇ ಚಕ್ರ ಭರದಲ್ಲಿ ಸುತ್ತುತ್ತಿತ್ತು. ಆಟೋಬಾನ್ ಮೇಲೆ ಪೂರ್ಣ ವೇಗ. ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತ ಕ್ಷಣವೇ ಕೀಲಿ ತಿರುಗಿಸಿ ಓಟ. ಇಂಜಿನ್ ನಿಂತೊಡನೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಕಾದು ಕೆಂಪಾದ ಚಕ್ರದ ಶಾಖ ದಂಡದ ಮೂಲಕ ನಡುಭಾಗಕ್ಕೆ ಹರಿಯುತ್ತದೆ. ಹೊತ್ತೊಯ್ಯಲು ಹರಿಯುವ ಎಣ್ಣೆಯಿಲ್ಲ. ಅಲ್ಲಿ ಉಳಿದ ಎಣ್ಣೆ ಕಾವಲಿಯ ಮೇಲೆ ಮರೆತ ದೋಸೆಯ ಅಂಚಿನಂತೆ ಕರಿಕಾಗುತ್ತದೆ. ಒಂದು ದಿನದಲ್ಲಿ ಅಲ್ಲ, ಸಾವಿರ ದಿನಗಳಲ್ಲಿ. ಪ್ರಾಣ ಉಳಿಸಲು ಓಡುತ್ತಿದ್ದೇವೆಂಬ ಹೆಮ್ಮೆಯಲ್ಲಿ ಇದೊಂದನ್ನೂ ನಾವು ಯೋಚಿಸಲಿಲ್ಲ. ಎಣ್ಣೆ ಬದಲಿಸುವ ದಿನವನ್ನೂ ಮುಂದೂಡುತ್ತ ಬಂದೆವು.

ಮೊದಲ ಟರ್ಬೋ ಸಿಳ್ಳೆ ಹಾಕುತ್ತ, ನೀಲಿ ಹೊಗೆ ಬಿಡುತ್ತ ಸತ್ತಿತು. ಒಂದು ವರ್ಕ್‌ಶಾಪಿಗೆ ಒಯ್ದೆವು. ‘ನಾಳೆಯೇ ಕಾರು ಬೇಕು, ಹೆಚ್ಚು ಖರ್ಚು ಬೇಡ, ಅದೊಂದನ್ನು ಬದಲಿಸಿ’ ಎಂದವರು ನಾವೇ. ಕಾರಣ ಕೇಳದೆ ‘ಒಂದು ಇಂಜೆಕ್ಷನ್ ಕೊಡಿ ಡಾಕ್ಟ್ರೇ’ ಎನ್ನುವ ರೋಗಿಗೂ ನಮಗೂ ಏನು ವ್ಯತ್ಯಾಸ? ಅವರು ಬದಲಿಸಿದರು.

ಆರು ವಾರಗಳ ನಂತರ ಮನೆಯವರು ಮತ್ತು ಮಗಳೊಂದಿಗೆ ಮ್ಯೂನಿಕ್ ಕಡೆಗೆ ಹೊರಟಿದ್ದೆವು. ಎ-8 ಹೆದ್ದಾರಿ ಶ್ವೇಬಿಷೆ ಆಲ್ಬ್ ಬೆಟ್ಟವನ್ನು ಹತ್ತುವ ಡ್ರಾಕೆನ್‌ಸ್ಟೈನ್ ಏರನ್ನು ನೀವೆಲ್ಲ ಬಲ್ಲಿರಿ. ನಮ್ಮ ಪಾಲಿಗೆ ಅದು ಜರ್ಮನಿಯ ಶಿರಾಡಿ ಘಾಟಿ. ಅರ್ಧ ಏರಿನಲ್ಲಿ ಕಾರು ಶಕ್ತಿ ಕಳೆದುಕೊಂಡಿತು. ಹಿಂದೆ ಲಾರಿಗಳ ಸಾಲು. ಅಂಚಿಗೆ ತಂದು ನಿಲ್ಲಿಸಿ ಕ್ಲಚ್ ಒತ್ತಿದರೆ, ಇಂಜಿನ್ ತಾನಾಗಿಯೇ ಅರಚತೊಡಗಿತು. ಕಾಲು ತೆಗೆದರೂ ವೇಗ ಇಳಿಯಲಿಲ್ಲ. ಕೀಲಿ ತಿರುಗಿಸಿ ತೆಗೆದೇ ಬಿಟ್ಟೆವು; ಕೀಲಿ ನಮ್ಮ ಕೈಯಲ್ಲಿದ್ದರೂ ಇಂಜಿನ್ ಓಡುತ್ತಲೇ ಇತ್ತು. ಹಿಂದೆಲ್ಲ ನೀಲಿ ಮೋಡ. ಆ ಗದ್ದಲದಲ್ಲಿ ಊರಿನ ಲಾರಿ ಚಾಲಕರೊಬ್ಬರು ಎಂದೋ ಹೇಳಿದ್ದು ನೆನಪಾಯಿತು. ಮೇಲಿನ ಗೇರು ಹಾಕಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಕ್ಲಚ್ ಬಿಟ್ಟೆವು. ಇಂಜಿನ್ ಒಮ್ಮೆ ನಡುಗಿ ನಿಂತಿತು. ಮಗಳು ಅಳಲೂ ಮರೆತು ಕುಳಿತಿದ್ದಳು. ಮೂವರೂ ಇಳಿದು ರಸ್ತೆಯ ತಡೆಬೇಲಿಯ ಆಚೆ ಹೋಗಿ ನಿಂತೆವು. ಅಂದಿನಿಂದ ಮನೆಯವರು ಆ ದಾರಿಯಲ್ಲಿ ಹೋಗುವಾಗಲೆಲ್ಲ ಮಾತು ನಿಲ್ಲಿಸುತ್ತಾರೆ.

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಉರಿಯುವಂಥದ್ದು ಗಾಳಿಯೊಡನೆ ಬಂದರೆ ಸಾಕು. ಅಂದು ಅದು ಉರಿಸಿದ್ದು ಎಣ್ಣೆಯನ್ನು. ಆ ಎಣ್ಣೆ ಎಲ್ಲಿತ್ತು? ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಪೆಟ್ಟಿಗೆಯಿರುತ್ತದೆ. ಮೊದಲ ಟರ್ಬೋ ಸಾಯುವಾಗ ಉಗುಳಿದ ಎಣ್ಣೆ ಅದರ ತಳದಲ್ಲಿ ಹಾಗೆಯೇ ನಿಂತಿತ್ತು. ಕೀವನ್ನು ತೆಗೆಯದೆ ಹೊಲಿಗೆ ಹಾಕಿದಂತಾಗಿತ್ತು.

ಎರಡನೆಯ ಬಾರಿ ಕಾರನ್ನು ಬಿಚ್ಚಿದವರು ನಿವೃತ್ತಿಯ ಅಂಚಿನಲ್ಲಿದ್ದ ಮೆಕ್ಯಾನಿಕ್ ಒಬ್ಬರು. ಅವರು ಟರ್ಬೋವನ್ನು ಮುಟ್ಟಲೂ ಇಲ್ಲ. ಮೊದಲು ಎಣ್ಣೆ ಬರುವ ಆ ತೆಳು ಪೈಪನ್ನು ಕಳಚಿ, ಗರಗಸದಿಂದ ಉದ್ದಕ್ಕೆ ಸೀಳಿ ನಮ್ಮ ಅಂಗೈಯಲ್ಲಿಟ್ಟರು. ಒಳಗೆಲ್ಲ ಕರಿಕು; ನಡುವೆ ಉಳಿದಿದ್ದದ್ದು ಸಾಸಿವೆ ಕಾಳು ಹೋಗುವಷ್ಟು ದಾರಿ. ಹೃದಯದ ಅಪಧಮನಿಗಳನ್ನು ಸೀಳಿದಾಗ ನಾವು ಕಾಣುವ ದೃಶ್ಯವೇ ಅದು. ಹೊಸ ಟರ್ಬೋಗೆ ಹಳೆಯ ಕಟ್ಟಿದ ಪೈಪನ್ನೇ ಜೋಡಿಸಲಾಗಿತ್ತು. ಅದು ಆರು ವಾರ ಉಪವಾಸವಿದ್ದು ಸತ್ತಿತು. ಹೊಸ ಪೈಪು, ತೊಳೆದ ಇಂಟರ್‌ಕೂಲರ್, ಸ್ವಚ್ಛ ತೊಟ್ಟಿ, ಹೊಸ ಎಣ್ಣೆ, ಹೊಸ ಫಿಲ್ಟರ್, ಇವುಗಳೊಂದಿಗೆ ಹಾಕಿದ ಮೂರನೆಯದು ಆ ಕಾರನ್ನು ನಾವು ಮಾರುವವರೆಗೂ ಚೆನ್ನಾಗಿತ್ತು.

ಇನ್ನು ನಿಮ್ಮ ಮನೆಯ ಕಾರುಗಳ ಮಾತು. ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿಯೂ ಟರ್ಬೋ ಇದೆ. ಹಲವರಿಗೆ ಅದು ಗೊತ್ತೇ ಇಲ್ಲ. ಅನೇಕ ಕಾರುಗಳಲ್ಲಿ ಬೇರಿಂಗಿನ ಸುತ್ತ ನೀರು ಹರಿಯುತ್ತದೆ, ಇಂಜಿನ್ ನಿಂತ ಮೇಲೂ ವಿದ್ಯುತ್ ಪಂಪು ಆ ನೀರನ್ನು ತಿರುಗಿಸುತ್ತದೆ; ಆದ್ದರಿಂದ ಹಳೆಯ ಕಾಲದಷ್ಟು ಕಾಯಬೇಕಾಗಿಲ್ಲ. ಆದರೂ ಆಟೋಬಾನ್ ಮೇಲೆ ವೇಗವಾಗಿ ಬಂದು ನೇರವಾಗಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುವಾಗ ಒಂದೆರಡು ನಿಮಿಷ ನಿಧಾನವಾಗಿ ಬಿಡಿ. ಬೆಳಗಿನ ಚಳಿಯಲ್ಲಿ ಮೊದಲ ಕೆಲವು ಕಿಲೋಮೀಟರ್ ಸಾವಧಾನ. ಎಣ್ಣೆಯನ್ನು ಕಾರಿನ ಕೈಪಿಡಿ ಹೇಳಿದ ದರ್ಜೆಯದನ್ನೇ ಕೊಳ್ಳಿ, ಮರ್ಸಿಡಿಸ್‌ನವರ 229.51ರಂತಹ ಸಂಖ್ಯೆಗಳು ಅಲಂಕಾರಕ್ಕೆ ಬರೆದವಲ್ಲ, ಹೊಗೆಯ ಫಿಲ್ಟರನ್ನು ಕಟ್ಟದಂತೆ ಬೂದಿ ಕಡಿಮೆ ಬಿಡುವ ಎಣ್ಣೆ ಎಂಬ ಅರ್ಥವೂ ಅದರಲ್ಲಿದೆ. ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಮೂರು ಕಿಲೋಮೀಟರ್ ಓಡುವ ಡೀಸೆಲ್ ಕಾರೇ ಹೆಚ್ಚು ಕಷ್ಟದಲ್ಲಿರುತ್ತದೆ. ಹೊಗೆಯ ಫಿಲ್ಟರಿನ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಅರ್ಧದಲ್ಲೇ ನಿಲ್ಲಿಸಿದರೆ ಅದರಲ್ಲೊಂದಿಷ್ಟು ಎಣ್ಣೆಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಅಳತೆಯ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿದ್ದರೆ ಸಂತೋಷಪಡಬೇಡಿ, ಅದು ಬಾವು. ಕೆಲವು ಕಾರುಗಳಿಗೆ 30,000 ಕಿಲೋಮೀಟರ್‌ವರೆಗೆ ಎಣ್ಣೆ ಬದಲಿಸಬೇಕಿಲ್ಲ ಎನ್ನುತ್ತಾರೆ. ಹಾಗೆ ಹೇಳುವವರು ಕಾರಿನ ಮೊದಲ ಒಡೆಯನನ್ನು ನೆನೆದು ಹೇಳುತ್ತಾರೆಂದು ನಮ್ಮ ಗುಮಾನಿ. ನಮ್ಮಲ್ಲಿ ಹೆಚ್ಚಿನವರು ಎರಡನೆಯ ಒಡೆಯರು. ಅದರ ಅರ್ಧಕ್ಕೇ ಬದಲಿಸಿ.

ಮೆಕ್ಯಾನಿಕ್ ‘ಟರ್ಬೋ ಹೋಗಿದೆ’ ಎಂದರೆ ಒಪ್ಪಿಕೊಳ್ಳಿ, ‘ಏಕೆ ಹೋಯಿತು?’ ಎಂದು ಕೇಳಿ. ಎಣ್ಣೆಯ ಪೈಪನ್ನು ಬದಲಿಸುತ್ತೀರಾ, ಕೆಳಗಿನ ದಾರಿ ತೆರೆದಿದೆಯೇ, ಇಂಟರ್‌ಕೂಲರ್ ತೊಳೆಯುತ್ತೀರಾ ಎಂದು ಕೇಳಿ. ಮುಜುಗರ ಬೇಡ. ನಮ್ಮನ್ನೂ ರೋಗಿಗಳು ಹೀಗೆ ಕೇಳಬೇಕೆಂದು ನಾವು ಈಗ ಬಯಸುತ್ತೇವೆ, ಮೊದಲು ಬಯಸುತ್ತಿರಲಿಲ್ಲ.

2020ರಲ್ಲಿ ಇದೇ ಊರಿನಲ್ಲಿ ತೆರೆದ ಹೊಸ ಕಾರ್ಖಾನೆಯಲ್ಲಿ ಇಂಜಿನ್ನಿನ ಕಾರುಗಳನ್ನೂ ವಿದ್ಯುತ್ ಕಾರುಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸುವ ವ್ಯವಸ್ಥೆಯಾಯಿತು. ಮುಂದಿನ ಸಾಲಿನ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಟರ್ಬೋ ವಸ್ತುಸಂಗ್ರಹಾಲಯ ಸೇರಿದರೂ ಸೇರೀತು. ಅಲ್ಲಿಯವರೆಗೆ ಇದು ಇಲ್ಲಿರುತ್ತದೆ. ಸಭೆ ಮುಗಿದ ಮೇಲೆ ಮಕ್ಕಳು ಬಂದು ದಂಡದ ತುದಿಯನ್ನು ಹಿಡಿದು ಅಲ್ಲಾಡಿಸಿ ನೋಡಬಹುದು. ಎಣ್ಣೆಯಿಲ್ಲದೆ ಸವೆದು ಅದು ಎಷ್ಟು ಸಡಿಲವಾಗಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಸೀಳಿದ ಪೈಪೂ ಪಕ್ಕದಲ್ಲಿದೆ. ಕೈಗೆ ಮಸಿ ಹತ್ತುತ್ತದೆ, ಬಟ್ಟೆ ಅಲ್ಲೇ ಇಟ್ಟಿದ್ದೇವೆ. ಹೋಳಿಗೆ ಮುಟ್ಟುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ.